ದಿಂಬಿನ ವಾರ

ಬೆಟಗೇರಿ, ಮಗ್ಗದ ಓಣಿ
ಫೆಬ್ರುವರಿ 30, 2191

ನಮಗಿಂತ ಮೊದಲು ಈ ಓಣಿಯಲ್ಲಿ ಬದುಕಿದವರಿಗೆ,

ತಾರೀಖು ತಪ್ಪಲ್ಲ, ತಿಂಗಳುಗಳನ್ನು ನಾವು ಸಮ ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದೊಂದು ಮಾತು ನಮಗೂ ಹಾಗೆಯೇ ಕೇಳಿಸುತ್ತದೆ: ‘ಅದು ಅವರ ಮನೆ ವಿಷಯ.’ ಪಕ್ಕದ ಮನೆಯಲ್ಲಿ ಪೆಟ್ಟಿನ ಸದ್ದಾದಾಗ ನೀವು ಹೀಗೆ ಹೇಳಿ ಟೀವಿಯ ದನಿ ಏರಿಸುತ್ತಿದ್ದಿರಂತೆ. ಗೋಡೆಯಾಚೆ ಒಂದು ಮಗು ಆ ಟೀವಿಯನ್ನೂ ಕೇಳಿಸಿಕೊಳ್ಳುತ್ತಿತ್ತು.

ನಮ್ಮಲ್ಲಿ ದಿಂಬಿನ ವಾರ ಎಂಬುದಿದೆ. ಓಣಿಯ ಪ್ರತಿ ಮಗುವೂ ವಾರಕ್ಕೊಂದು ರಾತ್ರಿ ತನ್ನ ದಿಂಬು ಹೊತ್ತು ಬೇರೆಯವರ ಮನೆಗೆ ಮಲಗಲು ಹೋಗುತ್ತದೆ. ಸುಖವಾಗಿರುವ ಮನೆಯ ಮಗುವೂ ಹೋಗಬೇಕು. ಎಲ್ಲರೂ ಹೋದರೆ, ಹೋಗದೆ ಗತಿಯಿಲ್ಲದ ಮಗು ಯಾವುದೆಂದು ಬೀದಿಗೆ ತಿಳಿಯುವುದಿಲ್ಲ. ತನ್ನ ವಾರ ಬಿಟ್ಟು ಬೇರೆ ದಿನ ಬಂದರೂ ಯಾಕೆಂದು ಕೇಳುವಂತಿಲ್ಲ. ರೊಟ್ಟಿ ಪಲ್ಯ ಬಡಿಸಿ ಚಾಪೆ ಹಾಸಬೇಕು. ಮಗು ತಾನಾಗಿ ದಿಂಬು ಎತ್ತಿಕೊಳ್ಳುವವರೆಗೆ ಅದನ್ನು ಯಾರೂ ಕರೆದೊಯ್ಯುವಂತಿಲ್ಲ. ನನಗೆ ಮಕ್ಕಳಿಲ್ಲ, ಆದರೂ ಮೂಲೆಯಲ್ಲಿ ಯಾವಾಗಲೂ ಒಂದು ಚಿಕ್ಕ ಚಾಪೆ ಇರುತ್ತದೆ.

ನಾವು ನಿಮಗಿಂತ ಒಳ್ಳೆಯವರೆಂದು ತಿಳಿಯಬೇಡಿ. ಹೊಡೆಯುವ ಕೈಗಳು ನಮ್ಮಲ್ಲೂ ಇವೆ. ಇವತ್ತು ಸಂಜೆ ಎದುರುಮನೆಯ ಪುಟ್ಟ ಹುಡುಗಿ ನೀಲವ್ವ, ತನ್ನ ವಾರವಲ್ಲದಿದ್ದರೂ, ದಿಂಬು ಅವಚಿಕೊಂಡು ಬಂದಳು. ಹಿಂದೆಯೇ ಅವಳ ಅಪ್ಪ ಸಂಕಪ್ಪ.

“ನನ್ನ ಮಗಳನ್ನ ಕಳಸ್ರಿ. ಇದು ನಮ್ಮ ಮನಿ ವಿಷಯ.”

ಓದಿ ಗೊತ್ತಿದ್ದ ಆ ಮಾತನ್ನು ಒಬ್ಬನ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಅಷ್ಟರಲ್ಲಿ ಪಕ್ಕದ ಮನೆಯ ಗೌರಕ್ಕ ಕೈಯಲ್ಲಿದ್ದ ಸೌಟಿನ ಸಮೇತ ಬಂದು ನನ್ನ ಹೊಸ್ತಿಲ ಮೇಲೆ ಕೂತಳು.

“ಮನಿ ವಿಷಯಾನ? ಓಣಿ ತುಂಬ ಕೇಳಸ್ತೈತಲ್ಲೋ ಸಂಕ್ಯಾ! ಹಸದಿದ್ರ ಕುಂದರು, ನಿನಗೂ ಬಡಸ್ತೀವಿ. ಹುಡುಗಿನ ಮಾತ್ರ ಒಯ್ಯಾಕ ಆಗೂದಿಲ್ಲ.”

ಓಣಿಯವರು ಒಬ್ಬೊಬ್ಬರಾಗಿ ತಮ್ಮ ತಮ್ಮ ತಾಟು ಹಿಡಿದು ಬಂದು ನನ್ನ ಕಟ್ಟೆಯ ಮೇಲೆ ಊಟಕ್ಕೆ ಕೂತರು. ಇಬ್ಬರು ಹೆಂಗಸರು ನೀಲವ್ವನ ತಾಯಿಯ ಹತ್ತಿರ ಹೋಗಿದ್ದಾರೆ. ಅವಳು ಬರುವುದಾದರೆ ಚಾಪೆ ಇದೆ.

ಇದನ್ನು ಬರೆಯುವಾಗಲೂ ಸಂಕಪ್ಪ ಬೀದಿಯಲ್ಲೇ ನಿಂತಿದ್ದಾನೆ. ನಾವು ಬಾಗಿಲು ಹಾಕಿಲ್ಲ; ಹಾಕುವುದೂ ಇಲ್ಲ. ನೋಡಲಿ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಇವತ್ತು ಗೋಡೆಯಾಚೆ ಸದ್ದಾದರೆ ಟೀವಿ ಆರಿಸಿ, ಬಾಗಿಲು ತೆರೆಯಿರಿ, ಅಕ್ಕಪಕ್ಕದವರನ್ನು ಕರೆಯಿರಿ. ಒಬ್ಬರೇ ಆದರೆ ಹೆದರಿಕೆಯಾಗುತ್ತದೆ, ನನಗೂ ಆಯಿತು. ಇದಕ್ಕಾಗಿ ನಮ್ಮ ಕಾಲದವರೆಗೆ ಕಾಯಬೇಡಿ. ಆ ಮಗುವಿಗೆ ಅಷ್ಟು ಸಮಯವಿಲ್ಲ.

ಒಳಗೆ ನೀಲವ್ವ ಇನ್ನೊಂದು ರೊಟ್ಟಿ ಕೇಳುತ್ತಿದ್ದಾಳೆ. ದಿಂಬನ್ನು ಕೆಳಗೆ ಹಾಕಿಕೊಂಡು ಅದರ ಮೇಲೆ ಗಟ್ಟಿಯಾಗಿ ಕೂತಿದ್ದಾಳೆ.

ನಿಮ್ಮ ಓಣಿಯವನೇ,
ಚನ್ನವೀರ