ಕನ್ನಡಿ ಹೋಗಿ ಮರಳಿದೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7

ಟೀ ಎರಡು ಸಲ ಆರಿತು. ಅಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕಿ ಆಯಿತು. ಬೂಟು ಇನ್ನೂ ಒದ್ದೆ — ಹಾಗೇ ಹಾಕಿಕೊಂಡು ಹೋಗಬೇಕು.

ಬಂದರಿನ ಯಾರ್ಡಿನಲ್ಲಿ ಕಸ್ಟಮ್ಸ್‌ನವರು ಒಂದು ಕಂಟೇನರ್ ತೆರೆದಿದ್ದಾರಂತೆ. ಕಾಗದದಲ್ಲಿ ಕನ್ನಡಿ, ಒಳಗೆ ಬೇರೇನೋ. ಇನ್ಶೂರೆನ್ಸ್ ಕಂಪನಿಯ ಪರವಾಗಿ ನಾನು ನೋಡಿ ರಿಪೋರ್ಟ್ ಬರೆಯಬೇಕು. ಇಪ್ಪತ್ತೆರಡು ವರ್ಷದಿಂದ ಸರ್ವೇಯರ್. ಅಂದರೆ, ಇಲ್ಲದ್ದನ್ನು ನೋಡಿ ಬರುವ ಕೆಲಸ.

ಹೊರಡುವಾಗ ಅಪ್ಪ ಏನು ಹೇಳುತ್ತಾನೆಂದು ಗೊತ್ತು. "ಬೀಗ ನೋಡ್ಬೇಡ ಕಣೆ, ಬಾಗಿಲು ನೋಡು." ಬೀಗ ರಿಪೇರಿ ಮಾಡಿಯೇ ನನ್ನನ್ನು ಓದಿಸಿದವನು. ನಾನು ಏನು ಹೇಳುತ್ತೇನೆಂದೂ ಗೊತ್ತು. ಆಯ್ತಪ್ಪಾ.

ಅದೇ ದಿನ, ಸಂಜೆ 5

ಆರುನೂರು ಪೆಟ್ಟಿಗೆ. ಮುಂದಿನ ಸಾಲಿನ ಹನ್ನೆರಡರಲ್ಲಿ ಮಾತ್ರ ಕನ್ನಡಿ. ಉಳಿದವುಗಳಲ್ಲಿ ಮರಳಿನ ಚೀಲ, ತೂಕಕ್ಕೆ ತೂಕ. ಗಾಜು ಹುಟ್ಟುವುದೇ ಮರಳಿನಿಂದ. ಕನ್ನಡಿಗಳು ದಾರಿಯಲ್ಲಿ ಮನಸ್ಸು ಬದಲಾಯಿಸಿ ತವರಿಗೆ ಹೋದವೇನೋ ಅನ್ನಿಸಿತು.

ಒಂದು ಪೆಟ್ಟಿಗೆ ಬಿಡಿಸಿದೆ. ಮೊಟ್ಟೆಯಾಕಾರದ ಕನ್ನಡಿ, ಮರದ ಚೌಕಟ್ಟು, ಸುತ್ತ ಬಳ್ಳಿ ಕೆತ್ತನೆ. ಎತ್ತಿ ಹಿಡಿದರೆ ನಾನು, ನನ್ನ ಹಿಂದೆ ಇಡೀ ಸಮುದ್ರ. ಒಂದು ಹಡಗು ನನ್ನ ಬಲಗಿವಿಯಿಂದ ಎಡಗಿವಿಗೆ ಹೋಗುವ ತನಕ ನಿಂತೇ ಇದ್ದೆ. ಎಷ್ಟು ಹೊತ್ತಾಯಿತೋ. ನಾನು ಇಷ್ಟು ವಯಸ್ಸಾದವಳೆಂದು ಮನೆಯ ಕನ್ನಡಿ ಯಾಕೆ ಹೇಳಿರಲಿಲ್ಲ...

ಬಾಗಿಲ ಹಿಡಿಕೆಯಿಂದ ಕತ್ತರಿಸಿದ ಸೀಲನ್ನು ಕಸ್ಟಮ್ಸ್‌ನವರು ಕವರಿನಲ್ಲಿ ಹಾಕಿ ಕೊಟ್ಟರು. ನಂಬರ್ ತಾಳೆಯಾಯಿತು. ಬರೆದೆ: ಸೀಲ್ ಸರಿಯಾಗಿತ್ತು. ಬಾಗಿಲು ಸರಿಯಾಗಿತ್ತು. ಒಂದು ಹಿಡಿ ಮರಳು ಪೊಟ್ಟಣ ಕಟ್ಟಿ ಚೀಲಕ್ಕೆ ಹಾಕಿಕೊಂಡೆ.

ಮಾಲಿನ ಒಡತಿಗೆ ಸುದ್ದಿ ತಿಳಿಸಬೇಕಲ್ಲ. ಚೀಟಿ ಬರೆದು ಆಫೀಸಿನ ಟೈಪಿಸ್ಟ್ ಕೈಗೆ ಕೊಟ್ಟೆ. ಆಕೆಗೆ ನಾವಿಟ್ಟ ಹೆಸರು ಗಡಿಬಿಡಿ. ಓದುವ ಮೊದಲೇ ಕಳಿಸಿರುತ್ತಾಳೆ.

ಮಾರ್ಚ್ 4

ರಿಪೋರ್ಟ್ ಕೊಟ್ಟೆ. ಇನ್ಶೂರೆನ್ಸ್ ಕಂಪನಿಯ ಕ್ಲೇಮ್ ಸಾಹೇಬರಿಗೆ ಬಹಳ ಖುಷಿ. "ಸೀಲ್ ಸರಿ, ಬಾಗಿಲು ಸರಿ, ಒಳಗೆ ಮರಳು. ಅಂದ್ರೆ ಮರಳನ್ನೇ ತುಂಬಿ ಕಳ್ಸಿದಾರೆ. ದಾರೀಲಿ ಕಳುವಾಗಿದ್ರೆ ತಾನೇ ನಾವು ಕೊಡೋದು? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ!" ತಮ್ಮ ಮಾತಿಗೆ ತಾವೇ ನಕ್ಕರು. ನಾನೂ ನಕ್ಕೆ.

ಮಾರ್ಚ್ 7. ಬಸ್ಸಿನಲ್ಲಿ

ತೂಕಡಿಸಿದೆ. ಕನಸು. ಸಮುದ್ರದ ತಳದಲ್ಲಿ ಕನ್ನಡಿಗಳು ಅಂಗಾತ ಮಲಗಿವೆ. ಮೀನುಗಳು ಸರದಿ ನಿಂತು ಮುಖ ನೋಡಿಕೊಳ್ಳುತ್ತಿವೆ. ಒಂದು ಮುದಿ ಮೀನಿಗೆ ಮಾತ್ರ ಹೋಗಲು ಮನಸ್ಸಿಲ್ಲ. ಹಿಂದಿನವು ಬಯ್ಯುತ್ತಿವೆ. ಸ್ಟಾಪ್ ದಾಟಿಹೋಯಿತು. ನಡೆದುಕೊಂಡು ವಾಪಸು.

ಮಾರ್ಚ್ 11, ಮಂಗಳವಾರ

ಆಫೀಸಿನ ಮೆಟ್ಟಿಲ ಮೇಲೆ ಒಬ್ಬ ಹೆಂಗಸು. ಪಕ್ಕದಲ್ಲಿ ಹಳೆ ಕಂಬಳಿಗಳ ಗುಡ್ಡೆ. ಕನ್ನಡಿಗಳ ಒಡತಿ. ಒಡತಿ ಎಂದರೆ — ಒಂದು ಶೆಡ್ಡು, ಒಂಬತ್ತು ಹೆಂಗಸರು, ಅವರಲ್ಲಿ ಈಕೆ ದೊಡ್ಡವಳು. "ಕನ್ನಡಿಯಕ್ಕ ಅಂತಲೇ ಕರೀರಿ, ಎಲ್ರೂ ಹಾಗೇ ಅನ್ನೋದು." ನಾಲ್ಕು ದಿನದ ದಾರಿ ಸವೆಸಿ ಬಂದಿದ್ದಾಳೆ.

"ಇಷ್ಟು ಕಂಬಳಿ ಯಾಕಕ್ಕ?"

"ಸುತ್ತೋಕೆ. ಹೋಗಿ ಬಂದ ಮಾಲು, ಪೆಟ್ಟಿಗೆ ಜಜ್ಜಿರುತ್ತಲ್ಲ. ಲಾರಿನೂ ಮಾತಾಡಿಟ್ಟಿದೀನಿ."

"ಯಾವ ಮಾಲು?"

ಫೋನ್ ತೋರಿಸಿದಳು. ಗಡಿಬಿಡಿ ಕಳಿಸಿದ ಮೆಸೇಜು. ನನ್ನ ಚೀಟಿಯದೇ ಮಾತು, ಒಂದಕ್ಷರ ಆಚೀಚೆಯಿಲ್ಲ: ಕನ್ನಡಿ ಹೋಗಿ ಮರಳಿದೆ.

"ಅಕ್ಕ, ಅದು... ವಾಪಸ್ ಬಂದಿದೆ ಅಂತಲ್ಲ. ಮರಳು. ಕನ್ನಡಿ ಹೋಗಿ, ಮರಳು ಇದೆ ಅಂತ."

ನನ್ನ ಮುಖವನ್ನೇ ನೋಡಿದಳು. ಫೋನ್ ನೋಡಿದಳು. ಆಮೇಲೆ — ನಕ್ಕಳು. "ಅಯ್ಯೋ, ಒಂಚೂರು ಜಾಗ ಬಿಟ್ಟು ಬರೀಬಾರ್ದಿತ್ತಾ ಮೇಡಮ್ಮೋರೇ?"

ನಗು ನಿಂತ ಮೇಲೆ ಕೇಳಿದಳು. "ಅಂದ್ರೆ, ನಾವೇ ಮರಳು ತುಂಬಿದ್ವಿ ಅಂತೀರಾ?"

"ಸೀಲ್ ಸರಿಯಾಗಿದೆಯಲ್ಲ ಅಕ್ಕ..."

"ಸರಿಯಾಗಿರ್ದೆ ಏನು? ಒಂಬತ್ತು ಜನ ನಿಂತು ಹಾಕ್ಸಿದ್ದು." ಎದ್ದಳು. "ಸಮುದ್ರ ಯಾವ ಕಡೆ? ಹುಟ್ಟಿದಾಗಿಂದ ನೋಡಿಲ್ಲ. ನಮ್ಮ ಕಡೆ ಅದರ ಗಾಳಿನೂ ಬರಲ್ಲ. ಬಂದಿದೀನಿ, ಅದನ್ನಾದ್ರೂ ನೋಡ್ಕೊಂಡು ಹೋಗ್ತೀನಿ."

ಕೈ ತೋರಿಸಿದೆ. ಕಂಬಳಿಗಳನ್ನು ನಮ್ಮಲ್ಲೇ ಬಿಟ್ಟು ಹೋದಳು. ಹೊತ್ತುಕೊಂಡು ಹೋಗಲು ಇನ್ನು ಕಾರಣವಿರಲಿಲ್ಲ.

ಮಾರ್ಚ್ 12. ಬೆಳಿಗ್ಗೆ

ಅಪ್ಪ ನನ್ನ ಚೀಲದಲ್ಲಿ ಡ್ರಾಪ್ಸ್ ಹುಡುಕುತ್ತಿದ್ದ. ಸಿಕ್ಕಿದ್ದು ಮರಳಿನ ಪೊಟ್ಟಣ. ಕಣ್ಣು ಮಂಜಾದ ಮೇಲೆ ಅವನ ಬೆರಳುಗಳೇ ನೋಡುತ್ತವೆ. ಬಿಚ್ಚಿ, ಉಜ್ಜಿ, ಚಿಟಿಕೆ ನಾಲಿಗೆಗಿಟ್ಟುಕೊಂಡ. ಚಿಕ್ಕ ಮಗುವಿಗೆ ಗದರಿದ ಹಾಗೆ ಗದರಿದೆ. ಕೇಳಿಸಿಕೊಳ್ಳಲಿಲ್ಲ.

"ಉಪ್ಪು. ಇದು ಹೊಳೆ ಮರಳಲ್ಲ ಕಣೆ. ಇಗೋ, ಚಿಪ್ಪು."

ಬೆರಳ ತುದಿಯಲ್ಲಿ ಎಳ್ಳುಕಾಳಿನಷ್ಟು ಬಿಳಿ ಚಿಪ್ಪು. ಇಷ್ಟು ದಿನ ನನ್ನ ಚೀಲದಲ್ಲೇ ಇತ್ತು.

"ಎಲ್ಲಿತ್ತು ಇದು?"

"ನಾಲ್ಕು ದಿನದ ದಾರಿ ದೂರದಿಂದ ಬಂದ ಪೆಟ್ಟಿಗೇಲಿ. ಸಮುದ್ರಾನೇ ನೋಡದ ಊರು."

"ಹಾಗಾದ್ರೆ ಸಮುದ್ರವೇ ಎದ್ದು ಹೋಗಿ ತುಂಬಿ ಬಂತೇನು?" ಪೊಟ್ಟಣ ಮತ್ತೆ ಕಟ್ಟಿದ. "ಬಾಗಿಲು ನೋಡಿದ್ಯಾ?"

ಟೀ ಇಡಲು ಎದ್ದೆ. ಟೀ ಆಗಲೇ ಕುಡಿದಾಗಿತ್ತು.

ಮಾರ್ಚ್ 13

ಯಾರ್ಡಿಗೆ ಹೋದೆ. ಕಂಟೇನರ್ ಖಾಲಿಯಾಗಿ ಮೂಲೆಯಲ್ಲಿತ್ತು. ಅವತ್ತು ಬಾಗಿಲುಗಳನ್ನು ಪೂರ್ತಿ ಹಿಂದಕ್ಕೆ ಮಡಚಿದ್ದರು. ಇವತ್ತು ಮುಚ್ಚಿತ್ತು. ಎದುರಿಗೆ ನಿಂತೆ. ಹಿಡಿಕೆಯ ಬೋಲ್ಟುಗಳೆಲ್ಲ ತುಕ್ಕು, ಒಂದು ಮಾತ್ರ ಹೊಸದು. ಅದರ ಮೇಲಿನ ನೀಲಿಗೂ ಬಾಗಿಲಿನ ನೀಲಿಗೂ ಒಂದು ಎಳೆ ವ್ಯತ್ಯಾಸ. ಉಗುರು ತಾಗಿಸಿದರೆ ಬಣ್ಣ ಎದ್ದು ಬಂತು.

ಸೀಲ್ ಮುಟ್ಟದೆ ಹಿಡಿಕೆಯ ಬೋಲ್ಟ್ ಕಿತ್ತು ಬಾಗಿಲು ತೆಗೆಯುವುದು. ಕೆಲಸ ಮುಗಿಸಿ ಮತ್ತೆ ಕೂಡಿಸಿ ಬಣ್ಣ ಬಳಿಯುವುದು. ಹಳೆ ವಿದ್ಯೆ. ಹೊಸ ಸರ್ವೇಯರ್‌ಗಳಿಗೆ ನಾನೇ ಪಾಠ ಹೇಳಿದ್ದೇನೆ! ಕಂಟೇನರ್ ಹಡಗಿಗೆ ಕಾದು ಹನ್ನೊಂದು ದಿನ ಇಲ್ಲಿ ಬಿದ್ದಿತ್ತು. ಕಳ್ಳರು ಮರಳಿಗೆ ಎಷ್ಟು ದೂರ ಹೋಗಬೇಕಿತ್ತು? ಬೇಲಿಯಾಚೆ ಕಾಲಿಟ್ಟರೆ ಸಾಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನು ಈಗ ನೋಡಲು ಬಂದೆ. ಫೋಟೋ ತೆಗೆದೆ.

ಸಾಹೇಬರು ಫೋಟೋ ನೋಡಿದರು. ಫೋನ್ ಮಗುಚಿಟ್ಟರು. "ಬಾಗಿಲು ಸರಿಯಾಗಿತ್ತು ಅಂತ ಸೈನ್ ಮಾಡಿದೀರಿ. ಈಗ ನೋಡೇ ಇರ್ಲಿಲ್ಲ ಅಂದ್ರೆ ನಿಮ್ಮ ಹಳೇ ರಿಪೋರ್ಟೆಲ್ಲ ತೆಗೆಸ್ತಾರೆ. ತಿಂಗಳ ಕೊನೆಗೆ ಲೈಸೆನ್ಸ್ ರಿನ್ಯೂವಲ್ ಅಲ್ವಾ? ಸುಮ್ನೆ ಯಾಕೆ ಮೇಡಂ. ಟೀ ಕುಡೀರಿ."

ಕುಡಿದೆ.

ಮಾರ್ಚ್ 24, ಸೋಮವಾರ

ಬರೆದು ಹನ್ನೊಂದು ದಿನವಾಯಿತು. ಕಂಟೇನರ್ ಯಾರ್ಡಿನಲ್ಲಿ ಬಿದ್ದಿದ್ದೂ ಅಷ್ಟೇ ದಿನ.

ಕಂಬಳಿಗಳು ಆಫೀಸಿನ ಕುರ್ಚಿಯ ಮೇಲೇ ಇವೆ. ಯಾರೋ ಬಂದು ಕೂತ ಹಾಗೆ ಕಾಣುತ್ತವೆ. ಆ ಕುರ್ಚಿಗೆ ಬೆನ್ನು ಮಾಡಿ ಕೆಲಸ ಮಾಡುತ್ತೇನೆ. ರಸ್ತೆಯಲ್ಲಿ ಯಾರಾದರೂ "ಕಳ್ಳ" ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಗಿದೆ. ಅಪ್ಪ ಏನೂ ಕೇಳುತ್ತಿಲ್ಲ. ಬೆಳಿಗ್ಗೆ ಹೊರಡುವಾಗ ಬೀಗ–ಬಾಗಿಲಿನ ಮಾತನ್ನೂ ಆಡುತ್ತಿಲ್ಲ. ಅದೇ ಹೆಚ್ಚು ಸುಡುತ್ತದೆ.

ಮಧ್ಯಾಹ್ನ ಕನ್ನಡಿಯಕ್ಕನ ಫೋನ್. ಕಂಪನಿ ಮೋಸದ ಕೇಸು ಹಾಕಿದೆ. ಪೊಲೀಸರು ಒಂಬತ್ತೂ ಜನರನ್ನು ಇಲ್ಲಿನ ಠಾಣೆಗೇ ಕರೆಸಿದ್ದಾರೆ, ನಿನ್ನೆ ಬಂದಿಳಿದರಂತೆ.

"ನಿಮ್ಮ ರಿಪೋರ್ಟ್ ಓದಿ ಹೇಳಿದ್ರು. ಒಂದೇ ಮಾತು ಕೇಳ್ತೀನಿ ಮೇಡಮ್ಮೋರೇ. ನೀವು ನೋಡಿದ್ದನ್ನೇ ಬರ್ದಿದ್ದಲ್ವಾ? ಹಾಗಿದ್ರೆ ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ."

"ಅಕ್ಕ" ಎಂದೆ. ಫೋನ್ ಇಟ್ಟುಬಿಟ್ಟೆ. ನಾಚಿಕೆ. ಇಷ್ಟು ನಾಚಿಕೆ ನನ್ನ ಜನ್ಮದಲ್ಲೇ ಆಗಿರಲಿಲ್ಲ.

ಮಾರ್ಚ್ 25

ಎರಡನೆಯ ರಿಪೋರ್ಟ್. ನಾನು ಹೇಳಿದೆ, ಗಡಿಬಿಡಿ ಟೈಪ್ ಮಾಡಿದಳು. ಒಂದು ಸಾಲಿಗೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು: ‘ಮೊದಲ ಪರಿಶೀಲನೆಯಲ್ಲಿ ಬಾಗಿಲನ್ನು ನಾನು ನೋಡಿರಲಿಲ್ಲ.’ ಹೊಡಿ, ಎಂದೆ. ಹೊಡೆದಳು. ಇದೇ ಮೊದಲ ಸಲ ನಿಧಾನವಾಗಿ.

"‘ಮರಳು ಇದೆ’, ಈ ಸಲ ಜಾಗ ಬಿಟ್ಟಿದೀನಿ ನೋಡಿ ಮೇಡಂ."

ಫೋಟೋ, ಮರಳು, ಚಿಪ್ಪು ಲಗತ್ತಿಸಿದೆ. ಸಂಜೆಯೊಳಗೆ ಸಾಹೇಬರ ಉತ್ತರ. ನಾಳೆ ಹನ್ನೊಂದಕ್ಕೆ ವಿಚಾರಣೆ. ಲೈಸೆನ್ಸ್ ಜೊತೆಗೆ ತರಬೇಕು. ಕನ್ನಡಿಯಕ್ಕನನ್ನೂ ಕರೆಸಿದ್ದಾರೆ.

ಮಾರ್ಚ್ 26. ಬೆಳಿಗ್ಗೆ 9

ನಿದ್ದೆ ಚೆನ್ನಾಗಿ ಬಂತು. ಕನಸಲ್ಲಿ ನೀಲಿ ಬಾಗಿಲು, ಗೋಡೆಯಿಲ್ಲದೆ, ಮರಳಿನ ಮೇಲೆ ಒಂಟಿಯಾಗಿ ನಿಂತಿತ್ತು. ಸುತ್ತು ಹಾಕಿ ಬಂದೆ. ಎರಡೂ ಕಡೆ ನೋಡಿದೆ.

ಕಂಬಳಿಗಳನ್ನು ಮಡಚಿ ನಿನ್ನೆಯೇ ಮನೆಗೆ ತಂದಿದ್ದೇನೆ. ಅಕ್ಕನಿಗೆ ಹನ್ನೆರಡು ಕನ್ನಡಿಯಾದರೂ ಸುತ್ತಲು ಬೇಕಾಗುತ್ತದೆ. ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾನೆ. ನನ್ನ ಬೂಟು ಅವನೇ ಒರೆಸಿಟ್ಟಿದ್ದಾನೆ, ತಡಕಾಡಿ.

ಏನು ಕೇಳುತ್ತಾರೆಂದು ಗೊತ್ತು. ಸೀಲ್ ಸರಿಯಾಗಿತ್ತಾ? ಸರಿಯಾಗಿತ್ತು. ಅದು ಸುಳ್ಳಲ್ಲ. ಬಾಗಿಲು ನೋಡಿದಿರಾ? ಇಲ್ಲ. ಯಾಕೆ ನೋಡಲಿಲ್ಲ? — ಇದೊಂದು ರಿಪೋರ್ಟಿನಲ್ಲಿ ಇಲ್ಲ. ಅಕ್ಕನ ಎದುರಿಗೆ ಬಾಯಲ್ಲೇ ಹೇಳಬೇಕು. ಇಲ್ಲೊಮ್ಮೆ ಬರೆದು ಅಭ್ಯಾಸ ಮಾಡಿಕೊಳ್ಳುತ್ತೇನೆ.

ಅಕ್ಕ, ನಿಮ್ಮ ಕನ್ನಡಿ ಬಹಳ ಚೆನ್ನಾಗಿತ್ತು. ಆ ಹೊತ್ತಿನಲ್ಲಿ ನಾನು ಅದರೊಳಗೆ ನನ್ನನ್ನೇ ನೋಡುತ್ತಾ ನಿಂತುಬಿಟ್ಟೆ.