ಒಂಬತ್ತನೇ ಪ್ರಶ್ನೆ

ಮನೆ, ಅಡುಗೆಮನೆಯ ಮೇಜು
ಮಾರ್ಚ್ 9, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ನಿನ್ನ ಕಿವಿ ನೋವು ಹೇಗಿದೆ? ದಿನಕ್ಕೆ ನಾಲ್ಕು ಸಲ ಸಮುದ್ರದ ತಳಕ್ಕೆ ಇಳಿದು ಹತ್ತಿದರೆ ಕಿವಿಯಾದರೂ ಎಷ್ಟು ತಡೆದೀತು? ಡಾಕ್ಟರು ಕೊಟ್ಟ ಹನಿಯನ್ನು ಮುಗಿಯುವ ತನಕ ಹಾಕಿಕೋ, ಅರ್ಧಕ್ಕೆ ಬಿಡಬೇಡ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನೂ ಚೆನ್ನಾಗಿದ್ದಾರೆ ಎಂದು ಬರೆಯಲು ಕೈ ಬರುತ್ತಿಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ಅವರು ಸ್ಪೀಕರ್ ಹಾಕಿಯೇ ಮಾತಾಡುವವರು, ನನ್ನ ಪಕ್ಕ ಬಿಟ್ಟು ಕದಲುವುದಿಲ್ಲ. ಈಗ ಇಬ್ಬರಿಗೂ ಇರುವ ಒಂದೇ ಫೋನನ್ನು ಜೇಬಿಗೆ ಹಾಕಿಕೊಂಡು ಈಜುಗನ್ನಡಕ ಕೊಳ್ಳಲು ಹೋಗಿದ್ದಾರೆ. ಇದು ಮೂರನೆಯದು. ಮೊದಲ ಎರಡೂ ಮೂಗಿಗೆ ಒಗ್ಗಲಿಲ್ಲವಂತೆ. ಆ ಮೂಗಿಗೆ ಯಾವುದು ತಾನೇ ಒಗ್ಗಿದೆ?

ಮನೆಯಲ್ಲಿ ಎದ್ದರೆ ಕೂತರೆ ನಿನ್ನ ದ್ವೀಪದ್ದೇ ಮಾತು. ಫ್ರಿಜ್ಜಿನ ಬಾಗಿಲಿಗೆ ಏಳು ದಿನದ ಪ್ರವಾಸದ ಪಟ್ಟಿ ಅಂಟಿಸಿದ್ದಾರೆ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕೋಣೆಯೇ ಬೇಕು, ಮಂಚ ಬಿಟ್ಟು ನಾಲ್ಕು ಮೆಟ್ಟಿಲಿಳಿದರೆ ಸಮುದ್ರ ಸಿಗಬೇಕು. ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡುತ್ತ, ಲಿಫ್ಟಿನ ಗುಂಡಿಯಲ್ಲೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ ಮನುಷ್ಯ, ದಿಂಬು ಮೆತ್ತಗಿದೆಯೋ ಗಟ್ಟಿಯೋ ಎಂದು ನಿಮ್ಮ ಹೋಟೆಲಿನವರನ್ನು ಕೇಳಿದ್ದಾರೆ. ನಾನೂ ನಕ್ಕೆ. ಆದರೆ ಆ ಪಟ್ಟಿಯಲ್ಲಿ ಅವರಿಗೆ ಬೇಕಿರುವುದು ಮೂರನೆಯ ದಿನದ ಒಂದೇ ಸಾಲು: 'ಮಗಳ ಜೊತೆ ಕೆಳಗೆ.' ಪ್ರವಾಸಿಗರನ್ನು ಸಮುದ್ರದ ತಳಕ್ಕೆ ಕರೆದೊಯ್ಯುವ ಈ ಕೆಲಸಕ್ಕೆ ನೀನು ಸೇರಿದಾಗ 'ದುಡ್ಡಿರೋರ ಬೆನ್ನಿಗೆ ಸಿಲಿಂಡರ್ ಕಟ್ಟೋದೂ ಒಂದು ಕೆಲಸಾನಾ' ಎಂದು ಅವರು ಅಂದದ್ದು, 'ಒಂದ್ಸಲ ಕೆಳಗೆ ಬಂದು ನೋಡಿ, ಆಮೇಲೆ ಮಾತಾಡಿ' ಎಂದು ನೀನು ಬಾಗಿಲು ಎಳೆದುಕೊಂಡು ಹೋದದ್ದು, ಮೂರು ವರ್ಷವಾದರೂ ಇಬ್ಬರಿಗೂ ಗಂಟಲ ಮುಳ್ಳು. ಫೋನಿನಲ್ಲಿ ಮಳೆ ಬಿಸಿಲು ಬಿಟ್ಟು ನಿಮಗೆ ಬೇರೆ ಮಾತಿಲ್ಲ. ತಪ್ಪಾಯಿತು ಎನ್ನುವುದು ಅವರ ಬಾಯಿಗೆ ಬಾರದು, ಅದಕ್ಕೆ ಕನ್ನಡಕ ಕೊಳ್ಳುತ್ತಿದ್ದಾರೆ.

ಈಗ ಹೇಳುವುದನ್ನು ಕೂತು ಓದು. ಕಳೆದ ತಿಂಗಳು ಗಡ್ಡ ಹೆರೆಯುತ್ತಿದ್ದವರು ರೇಜರ್ ಹಿಡಿದುಕೊಂಡೇ ಕುಸಿದರು. ಮೊನ್ನೆ ಗುರುವಾರ, ಬಾತುಕೋಳಿಯ ಪಾದದಂಥ ಆ ಈಜಿನ ರಬ್ಬರ್ ಚಪ್ಪಲಿ ತೊಟ್ಟು ಹಾಲ್‌ನಲ್ಲಿ ನಡೆದು ನೋಡುತ್ತಿದ್ದವರು ಮತ್ತೆ ಬಿದ್ದರು. ಕೈಕಾಲು ಅದುರಿತು, ಕಣ್ಣು ಮೇಲಕ್ಕೆ ಹೋಯಿತು, ಒಂದು ನಿಮಿಷ ಕೂಗಿದರೂ ಓಗೊಡಲಿಲ್ಲ. ಎದ್ದವರೇ 'ಚಪ್ಪಲಿ ತೊಡರಿ ಎಡವಿದೆ' ಎಂದರು. ಎಡವಿದವರು ಕೈಯೂರುತ್ತಾರೆ; ಇವರು ಕಡಿದ ಮರದ ಹಾಗೆ ಬಿದ್ದಿದ್ದರು. ಡಾಕ್ಟರ ಹತ್ತಿರ ಹೋಗೋಣವೆಂದರೆ 'ದ್ವೀಪದಿಂದ ಬಂದ್ಮೇಲೆ.' ನೀರಿಗಿಳಿಯುವವರು ತುಂಬಬೇಕೆಂದು ನೀವು ಕಳಿಸಿದ ಆರೋಗ್ಯದ ಫಾರಂನಲ್ಲಿ ಒಂಬತ್ತನೇ ಪ್ರಶ್ನೆ, ಎಂದಾದರೂ ಎಚ್ಚರ ತಪ್ಪಿ ಬಿದ್ದಿದ್ದೀರಾ ಎಂದು. ಅವರು 'ಇಲ್ಲ' ಎಂದು ಗುರುತು ಹಾಕಿದರು. ನಾನು ನೋಡಿದ್ದನ್ನು ನೋಡಿ 'ಎಡವಿ ಬಿದ್ದೋರಿಗೆ ಇದರಲ್ಲಿ ಕಾಲಂ ಇಲ್ಲ ಕಣೇ' ಎಂದರು. ನೀರಿನ ಕೆಳಗೆ ಎಚ್ಚರ ತಪ್ಪಿದರೆ ಬಾಯಿಯಲ್ಲಿನ ಉಸಿರಿನ ನಳಿಗೆ ಕಳಚುತ್ತದೆ, ಆಮೇಲೆ ಮನುಷ್ಯ ಕೈಗೆ ಸಿಕ್ಕರೂ ಜೀವ ಸಿಗುವುದಿಲ್ಲ ಎಂದು ನೀನೇ ಹೇಳಿದ್ದೆಯಲ್ಲ. ಆಗ ಅವರ ಕೈ ಹಿಡಿದಿರುವವಳು ನೀನು.

ಸಹಿ ಮಾಡಿದ ಫಾರಂ ಅಂಚೆಯಲ್ಲೇ ಬರಬೇಕು ಎಂದಿದ್ದೀರಿ. 'ಅಂಟು ಹಚ್ಚಿ ಡಬ್ಬಕ್ಕೆ ಹಾಕಿಬಿಡು' ಎಂದು ನನ್ನನ್ನೇ ನಂಬಿ ಕೊಟ್ಟು ಹೋಗಿದ್ದಾರೆ. ಅದೇ ಲಕೋಟೆಯಲ್ಲಿ ಈ ಕಾಗದ ಇಡುತ್ತಿದ್ದೇನೆ. ಉಂಡ ಮನೆಗೆ ಎರಡು ಬಗೆದ ಹಾಗಾಗುತ್ತಿದೆ. ಏನಾದರೂ ನೆಪ ಹೇಳಿ ಅವರು ನೀರಿಗಿಳಿಯದಂತೆ ತಡೆ. ನಾನು ಹೇಳಿದೆನೆಂದು ಮಾತ್ರ ಬಾಯಿ ಬಿಡಬೇಡ. ಹಗ್ಗದ ಒಂದೆಳೆ ಹರಿದಿದ್ದಕ್ಕೆ ಲಿಫ್ಟಿಗೆ ಕೆಂಪು ಚೀಟಿ ಹಾಕಿ, ಆಸ್ಪತ್ರೆಯ ದೊಡ್ಡ ಡಾಕ್ಟರನ್ನೇ ಆರು ಮಹಡಿ ಹತ್ತಿಸಿದವರು ನಿಮ್ಮಪ್ಪ. 'ಪರೀಕ್ಷೆ ಆಗುವವರೆಗೆ ಬಳಸಬಾರದು' ಎಂಬ ಆ ಚೀಟಿಯನ್ನು, ಸಹಿ ಹಾಕಿದವರೇ ಬಂದು ಬಿಚ್ಚಬೇಕು. 'ಸಹಿ ಇಲ್ಲದ ಚೀಟಿ ಪುಕ್ಕಲರ ಚೀಟಿ' ಎನ್ನುತ್ತಿದ್ದರು. ಅಂಥವರು ತಮ್ಮ ವಿಷಯಕ್ಕೆ ಮಾತ್ರ ಕಣ್ಣು ಮುಚ್ಚಿ ಕೂತಿದ್ದಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಇಳಿದಷ್ಟೇ ಸಲ ಕ್ಷೇಮವಾಗಿ ಮೇಲೆ ಬಾ, ನನ್ನ ತಾಯಿ.

ನಿನ್ನ
ಅಮ್ಮ

ತಾ.ಕ.: ಸ್ಕೂಟರಿನ ಸದ್ದು ಕೇಳಿಸಿತು, ಅವರು ಬಂದರು. ಅಂಟು ಹುಡುಕಲು ಅವರ ಡ್ರಾಯರ್ ತೆಗೆದರೆ ಕೆಂಪು ಚೀಟಿಗಳ ಕಟ್ಟು ಸಿಕ್ಕಿತು. ಒಂದನ್ನು ಫಾರಂಗೆ ಪಿನ್ ಮಾಡಿದ್ದೇನೆ, ಕೆಳಗೆ ನನ್ನ ಪೂರ್ತಿ ಸಹಿ ಇದೆ. ನೆಪಗಿಪ ಬೇಡ. ಇದು ಕೈ ಸೇರಿದ ದಿನವೇ ಫೋನ್ ಮಾಡಿ, ಆ ಚೀಟಿಯನ್ನು ಯಾರ ಸಹಿ ಎಂಬುದನ್ನೂ ಸೇರಿಸಿ ಜೋರಾಗಿ ಓದು. ಸ್ಪೀಕರ್ ಹೇಗೂ ಹಾಕಿರುತ್ತಾರೆ, ನಾನು ಪಕ್ಕದಲ್ಲೇ ಇರುತ್ತೇನೆ. ಡಾಕ್ಟರು ನೋಡಿ ಸರಿ ಎಂದರೆ ಚೀಟಿ ನಾನೇ ಬಿಚ್ಚುತ್ತೇನೆ. ಅಲ್ಲಿಯವರೆಗೆ ಅವರು ಸಿಟ್ಟು ಮಾಡಿಕೊಂಡು ನನ್ನ ಜೊತೆ ಮಾತು ಬಿಟ್ಟರೆ ಬಿಡಲಿ. ಮಾತು ಬಿಡುವುದಕ್ಕಾದರೂ ಮನುಷ್ಯ ಇರಬೇಕಲ್ಲ.