ಸದ್ದು ಮಾಡದ ಚಾಕೊಲೇಟು

ತಾ. ೩, ಮಂಗಳವಾರ. ಬೆಳಿಗ್ಗೆ, ಡ್ಯೂಟಿಗೆ ಹೊರಡುವ ಮುಂಚೆ

ಇವತ್ತೂ ಸಿಕ್ಕಿತು. ಮಗ ಗೋಲಿಯ ದಿಂಬಿನ ಕವರಿನೊಳಗೆ. ಹಾಸಿಗೆ ಕೊಡವುತ್ತಿದ್ದೆ — ಕಿಣಿಕಿಣಿ. ಬೆಳ್ಳಿ ಕಾಗದ ಸುತ್ತಿದ ಚಾಕೊಲೇಟು ಉಂಡೆ. ನಿಂಬೆಹಣ್ಣಿನ ಗಾತ್ರ, ಒಳಗೆ ಟೊಳ್ಳು, ಆ ಟೊಳ್ಳಿನಲ್ಲಿ ಕಡಲೆಕಾಳಿನಷ್ಟು ಒಂದು ಗಂಟೆ. ಹಬ್ಬ ಹತ್ತಿರ ಬಂತೆಂದರೆ ಮೂಲೆ ಅಂಗಡಿಯ ಕೌಂಟರ್ ತುಂಬ ಇವೇ. ಹಬ್ಬಕ್ಕೆ ಇನ್ನೂ ಎರಡು ವಾರದ ಮೇಲಿದೆ. ನಮ್ಮಪ್ಪನಿಗೆ ಮಾತ್ರ ಆಗಲೇ ಬಂದುಬಿಟ್ಟಿದೆ.

"ಇದೆಲ್ಲಿಂದ ಬಂತೋ?" ಅಂದೆ. ಗೋಲಿಗೆ ನಾಲ್ಕು ವರ್ಷ, ಸುಳ್ಳು ಇನ್ನೂ ಕೈಗೆ ಹತ್ತಿಲ್ಲ. "ದಿಂಬಲ್ಲೇ ಇತ್ತು" ಅಂದ. ಅವನ ಅಕ್ಕನಿಗೆ ಎಂಟು. ಅವಳನ್ನು ಮನೆಯಲ್ಲಿ ಎಲ್ಲರೂ ಮೇಡಂ ಅನ್ನುವುದು ಸುಮ್ಮನೆ ಅಲ್ಲ. "ಅಮ್ಮ, ತಾತಂಗೆ ಬೈಬೇಡ. ನಾವೇನೂ ಕೇಳಿರ್ಲಿಲ್ಲ, ಅವ್ರೇ ತಂದಿದ್ದು" ಎಂದು ವಕೀಲಿಕೆ ಶುರು ಮಾಡಿದಳು. ಬಾಯಿ ತೆರೆದಾಗ ಹೋದ ತಿಂಗಳು ತುಂಬಿಸಿದ ಹಲ್ಲು ಕಂಡಿತು. ಆ ಹಲ್ಲು ತುಂಬಿಸುವಾಗ ಕೈ ಹಿಡಿದುಕೊಂಡು ಕೂತವಳು ನಾನು. ತಾತ ಎಲ್ಲಿದ್ದರೋ.

ಹೊತ್ತಾಯಿತು. ಉಂಡೆ ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೇನೆ, ಮನೆಯಲ್ಲಿಟ್ಟರೆ ಉಳಿಯುವುದಿಲ್ಲ. ಇನ್ನು ಆಸ್ಪತ್ರೆಯ ತನಕ ಬಸ್ಸಿನಲ್ಲಿ ಕಿಣಿಕಿಣಿ ಅನ್ನಿಸಿಕೊಂಡು ಹೋಗಬೇಕು.

ತಾ. ೪, ಬುಧವಾರ

ಇವರಿಗೆ ಹೇಳಿದೆ. ಹೇಳಿ ಏನು ಪ್ರಯೋಜನ. ಡ್ರೈವಿಂಗ್ ಸ್ಕೂಲಿನಲ್ಲಿ ದಿನವಿಡೀ ಕಲಿಯುವವರ ಪಕ್ಕ ಕೂತು ಬ್ರೇಕ್ ತುಳಿಯುವ ಮನುಷ್ಯ, ಮನೆಗೆ ಬಂದರೆ ಯಾವುದಕ್ಕೂ ಬ್ರೇಕ್ ಇಲ್ಲ. "ಹೋಗ್ಲಿ ಬಿಡೇ, ಹಬ್ಬ ಅಲ್ವಾ. ತಾತ ತರ್ದೆ ಇನ್ಯಾರು ತರ್ತಾರೆ?"

"ನಾನು ಚಿಕ್ಕೋಳಿದ್ದಾಗ್ಲೂ ಹಬ್ಬ ಬರ್ತಿತ್ತು" ಅಂದೆ.

ಇವರು ಪೇಪರ್ ಎತ್ತಿಕೊಂಡರು.

ಬರ್ತಿತ್ತು. ಅಪ್ಪನ ಗಡಿಯಾರ ರಿಪೇರಿ ಅಂಗಡಿಯ ಎದುರೇ ಮಿಠಾಯಿ ಅಂಗಡಿ. ಸ್ಕೂಲು ಬಿಟ್ಟ ಮೇಲೆ ಅಪ್ಪನ ಪಕ್ಕ ಸ್ಟೂಲಿನ ಮೇಲೆ ಕೂತು ಗಾಜಿನ ಭರಣಿಗಳನ್ನೇ ನೋಡುತ್ತಿದ್ದೆ. ಕೇಳಿದರೆ, ಕಣ್ಣಿಗೆ ಸಿಕ್ಕಿಸಿಕೊಂಡ ಮಸೂರ ತೆಗೆಯದೆ, ತಲೆ ಎತ್ತದೆ, ತುಟಿಗಳ ಮಧ್ಯೆ ಸ್ಕ್ರೂ ಕಚ್ಚಿಕೊಂಡೇ "ಹಲ್ಲು ಹುಳುಕಾಗತ್ತೆ" ಅನ್ನುತ್ತಿದ್ದರು. ವರ್ಷಕ್ಕೊಂದು ಪೆಪ್ಪರ್‌ಮೆಂಟ್ ಕೂಡ ಇಲ್ಲ. ಅದೇ ಮನುಷ್ಯ ಈಗ ನನ್ನ ಮಕ್ಕಳ ದಿಂಬಿನೊಳಗೆ ಉಂಡೆ ಬಚ್ಚಿಡುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ. ಹೆತ್ತ ಮಕ್ಕಳ ಮೇಲೇ ಹೊಟ್ಟೆಕಿಚ್ಚು ಪಡುವ ತಾಯಿ, ಚೆನ್ನಾಗಿದೆ.

ತಾ. ೬, ಶುಕ್ರವಾರ. ಊಟದ ಬಿಡುವು, ಎಕ್ಸ್‌ರೇ ರೂಮಿನ ಹಿಂದಿನ ಕೋಣೆ

ಬೆಳಿಗ್ಗೆ ಒಂದು ಮಗು ಬಂದಿತ್ತು. ಗೋಲಿಯ ವಯಸ್ಸೇ. ಅಂಗಿಯ ಲೋಹದ ಗುಂಡಿ ನುಂಗಿತ್ತು. ಟೇಬಲ್ ಮೇಲೆ ಮಲಗಿಸಲು ಮೂರು ಜನ ಬೇಕಾಯಿತು. ಹೊಟ್ಟೆಗೆ ಇಳಿದಿತ್ತು, ಪುಣ್ಯ. ಗಂಟಲಲ್ಲಿ ನಿಂತಿದ್ದರೆ ಕಥೆ ಬೇರೆ. ನನ್ನ ಗೋಲಿಯೂ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಜಾತಿ, ಅದಕ್ಕೇ ಆ ಗಂಟೆ ಕಂಡರೆ ನನಗೆ ಭಯ.

ಅಮ್ಮನಿಗೆ ಫೋನ್ ಮಾಡಿದೆ. ಹಬ್ಬದ ದಿನ ಒಬ್ಬೊಬ್ಬರಿಗೆ ಒಂದು, ನನ್ನ ಎದುರಿಗೆ, ಅಷ್ಟೇ ಅಂದೆ.

"ನೀನೇ ಹೇಳು ನಿಮ್ಮಪ್ಪಂಗೆ. ನಾನು ಹೇಳಿದ್ರೆ ಆ ಮನುಷ್ಯಂಗೆ ಕೇಳ್ಸಲ್ಲ. ಗೋಡೆ ಗಡಿಯಾರ ಅರ್ಧ ನಿಮಿಷ ಹಿಂದೆ ಬಿದ್ರೆ ಮಾತ್ರ ಕೇಳ್ಸತ್ತೆ."

"ನೀನೂ ಮೊನ್ನೆ ಮೇಡಂ ಜೇಬಿಗೆ ಟಾಫಿ ತುಂಬಿದ್ಯಲ್ಲ."

"ಅದು ಟಾಫಿ ಅಲ್ವೇ, ಕೆಮ್ಮಿನ ಮಾತ್ರೆ ಥರದ್ದು."

ಇವರಿಬ್ಬರ ಜೊತೆ ನನಗೆ ಏಗಲಾಗುವುದಿಲ್ಲ.

ತಾ. ೮, ಭಾನುವಾರ

ಹೆದರಿದ್ದಂತೆಯೇ ಆಯಿತು.

ಅಪ್ಪ ಅಮ್ಮ ಬಂದಿದ್ದರು. ನಾನು ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದೆ. ಹಾಲ್‌ನಲ್ಲಿ ಕಿಣಿಕಿಣಿ, ಆಮೇಲೆ ಇದ್ದಕ್ಕಿದ್ದಂತೆ ಸದ್ದಿಲ್ಲ. ಓಡಿದೆ. ಗೋಲಿಯ ಕೆನ್ನೆ ಉಬ್ಬಿತ್ತು, ಬಾಯಿ ತುಂಬ ಚಾಕೊಲೇಟು, ಕಣ್ಣು ಮೇಲೆ. ಬೆರಳು ಹಾಕಿ ಎಳೆದೆ. ಜೊಲ್ಲಿನ ಜೊತೆ ಗಂಟೆ ಬಂತು. ಅವನು ಅಳಲೂ ಇಲ್ಲ, "ನಂದು ಕೊಡು" ಅಂದ.

ಅಪ್ಪನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಗುಂಡಿ ನುಂಗಿದ ಮಗುವಿನ ವಿಷಯವನ್ನೂ ಹೇಳಿದೆ. ಕೊನೆಗೆ, "ಇನ್ನೊಂದು ಉಂಡೆ ಈ ಮನೆಗೆ ಬಂದ್ರೆ ಹಬ್ಬದ ರಜೆಗೆ ಮಕ್ಕಳನ್ನ ನಿಮ್ಮನೆಗೆ ಕಳ್ಸಲ್ಲ" ಅಂದುಬಿಟ್ಟೆ. ಪ್ರತಿವರ್ಷ ಹಬ್ಬದ ರಜೆಯಷ್ಟೂ ಅವರು ತಾತನ ಮನೆಯಲ್ಲೇ. ಅಮ್ಮ ಎರಡು ವಾರ ಮೊದಲೇ ಅವರ ಹಾಸಿಗೆ ಬಿಸಿಲಿಗೆ ಹಾಕುತ್ತಾಳೆ. ಅಪ್ಪ ಇಬ್ಬರಿಗೂ ಒಂದೊಂದು ಹಳೆಯ ಅಲಾರಂ ಕೊಟ್ಟು ಬಿಚ್ಚಿಸುತ್ತಾರೆ, ಮತ್ತೆ ಜೋಡಿಸಲೂ ಹೇಳುತ್ತಾರೆ. ಅದೆಲ್ಲ ಗೊತ್ತಿದ್ದೇ ಅಂದೆ.

ಅಪ್ಪ ನನ್ನ ಕೈಯಿಂದ ಗಂಟೆ ತೆಗೆದುಕೊಂಡು ಕರ್ಚೀಫಿನಲ್ಲಿ ಒರೆಸಿದರು, ಮಸೂರ ಕಣ್ಣಿಗಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಕಾಫಿ ಅರ್ಧ ಬಿಟ್ಟು ಹೊರಟರು.

ತಾ. ೧೨, ಗುರುವಾರ

ಮನೆ ನಿಶ್ಶಬ್ದ. ದಿಂಬು ಕೊಡವಿದೆ, ಶೂ ಅಲ್ಲಾಡಿಸಿದೆ, ಬ್ಯಾಗ್ ತಲೆಕೆಳಗು ಮಾಡಿದೆ. ಒಂದು ಕಿಣಿ ಇಲ್ಲ. ಗೆದ್ದೆ.

ಹಬ್ಬದ ವಾರದ ಡ್ಯೂಟಿ ಬೋರ್ಡಿಗೆ ಹಾಕಿದ್ದಾರೆ. ನನಗೆ ಹಬ್ಬದ ಮಧ್ಯಾಹ್ನದಿಂದಲೇ ಸಾಲಾಗಿ ಡ್ಯೂಟಿ. ಇವರಿಗೂ ರಜೆಯಲ್ಲೇ ಕಲಿಯುವವರು ಜಾಸ್ತಿ. ಮಕ್ಕಳನ್ನು ಕಳಿಸುವುದಿಲ್ಲ ಅಂದದ್ದೇನೋ ಜೋರಾಗಿಯೇ ಅಂದೆ. ನೋಡಿಕೊಳ್ಳುವವರು ಯಾರು ಎಂದು ಯೋಚಿಸಿರಲಿಲ್ಲ. ಇವರನ್ನು ಕೇಳಿದರೆ "ನೀನೇ ಅಂದಿದ್ದು" ಎಂದು ನಗುತ್ತಾರೆ.

ತಾ. ೧೫, ಭಾನುವಾರ

ಗೆದ್ದೆ ಅಂದುಕೊಂಡಿದ್ದೆನಲ್ಲ.

ನಿನ್ನೆ ನಾನು ಡ್ಯೂಟಿಯಲ್ಲಿದ್ದಾಗ ಅಪ್ಪ ಬಂದು ಹೋಗಿದ್ದರಂತೆ. ಮೇಡಂ ರೇನ್‌ಕೋಟಿನ ಟೋಪಿಯೊಳಗೆ ನಾಲ್ಕು ಉಂಡೆ. ಅದೇ ಬೆಳ್ಳಿ ಕಾಗದ. ಅಲ್ಲಾಡಿಸಿದೆ, ಸದ್ದಿಲ್ಲ. ಕಿವಿ ಹತ್ತಿರ ಇಟ್ಟು ಅಲ್ಲಾಡಿಸಿದೆ. ಕಾಗದ ಒಂಚೂರೂ ಸುಕ್ಕಾಗಿಲ್ಲ. ಚಾಕುವಿನಿಂದ ಸೀಳಿದರೆ ಒಳಗೆ ಖಾಲಿ. ಕಿಟಕಿಯ ಬೆಳಕಿಗೆ ಹಿಡಿದಾಗ ನಡುವೆ ಕೂದಲಿನಂಥ ಗೆರೆ ಕಂಡಿತು. ಯಾರೋ ಎರಡು ಹೋಳು ಮಾಡಿ ಮತ್ತೆ ಕೂಡಿಸಿದ್ದಾರೆ. ಯಾರೋ ಏನು, ಇಷ್ಟು ನಾಜೂಕಾಗಿ ಕೆಲಸ ಮಾಡುವವರು ನನಗೆ ಗೊತ್ತಿರುವುದು ಒಬ್ಬರೇ.

ನನಗೆ ಕೇಳಿಸಬಾರದೆಂದು ಗಂಟೆ ತೆಗೆದಿದ್ದಾರೆ. ನನ್ನ ಕಿವಿಗೆ ಮಣ್ಣು ಹಾಕಲು ಜೀವಮಾನದ ಕಸುಬನ್ನೆಲ್ಲ ಬಳಸಿದ್ದಾರೆ.

ಫೋನ್ ಮಾಡಿದೆ. "ನನ್ನ ಏನಂದ್ಕೊಂಡಿದೀರಿ ನೀವು?"

"ಅದು ಹಾಗಲ್ಲ ಕಣೇ…"

"ಹೇಗಾದ್ರೂ ಇರ್ಲಿ. ಮಕ್ಕಳು ಬರಲ್ಲ." ಇಟ್ಟುಬಿಟ್ಟೆ.

ಮೇಡಂ ರೂಮಿನ ಬಾಗಿಲು ಹಾಕಿಕೊಂಡಿದ್ದಾಳೆ. ಗೋಲಿಗೆ ಅವನದೇ ಸಂಕಟ: "ತಾತ ಗಂಟೆ ತೆಗ್ದುಬಿಟ್ರು. ಈಗ ಬರೀ ಚಾಕೊಲೇಟು." ಅವನಿಗೂ ತಾತನ ಮೇಲೆ ಕೋಪ, ನನಗೂ ಕೋಪ. ಈ ಮನೆಯಲ್ಲಿ ಒಂದು ವಿಷಯಕ್ಕಾದರೂ ಒಮ್ಮತ ಬಂತು.

ತಾ. ೧೭, ಮಂಗಳವಾರ. ಸಂಜೆ

ಬರೆಯದೆ ಇರಲಾಗುವುದಿಲ್ಲ.

ಹನ್ನೊಂದರ ಹೊತ್ತಿಗೆ ಡಾಕ್ಟರ ಚೀಟಿ ಬಂತು. ಹೊಟ್ಟೆಯ ಎಕ್ಸ್‌ರೇ, ಲೋಹದ ವಸ್ತು ನುಂಗಿರುವ ಶಂಕೆ, ವಯಸ್ಸು ಎಪ್ಪತ್ತೊಂದು. ಈ ವಯಸ್ಸಲ್ಲಿ ಇದೇನಪ್ಪಾ ಅಂದುಕೊಳ್ಳುತ್ತ, ಹೆಸರು ಓದದೆ ಬಾಗಿಲು ತೆರೆದು "ಬನ್ನಿ" ಅಂದೆ. ಬೆಂಚಿನಿಂದ ಅಪ್ಪ ಎದ್ದರು.

ಇಸ್ತ್ರಿ ಮಾಡಿದ ಅಂಗಿ. ಒಬ್ಬರೇ ಬಂದಿದ್ದಾರೆ.

"ಏನ್ ನುಂಗಿದ್ರಿ?"

"ಗಂಟೆ."

ಟ್ರೇ ಮುಂದಕ್ಕೆ ತಳ್ಳಿದೆ.

"ಜೇಬಲ್ಲಿರೋದೆಲ್ಲ ಟ್ರೇಗೆ ಹಾಕಿ. ವಾಚು, ಬೆಲ್ಟು" ಅಂದೆ, ಎಲ್ಲರಿಗೂ ಹೇಳುವ ಹಾಗೇ. ವಾಚು ಬಿಚ್ಚಿ ಮುಖ ಮೇಲಾಗಿ ಇಟ್ಟರು. ಮಸೂರ, ಚಿಮಟ, ಬೀಗದ ಕೈ. ಕೊನೆಗೆ, ಸ್ವಲ್ಪ ತಡೆದು, ಬೆಳ್ಳಿ ಕಾಗದದ ಒಂದು ಉಂಡೆ. ಅದು ಟ್ರೇಯಲ್ಲಿ ಉರುಳಿ ಕಿಣಿಕಿಣಿ ಅಂದಿತು. ಇಬ್ಬರೂ ಅದನ್ನು ನೋಡಿದೆವು.

"ಹೇಗಾಯ್ತು?"

ತಪ್ಪು ಮಾಡಿದ ಹುಡುಗನ ಹಾಗೆ ಅಲ್ಲ, ಗಿರಾಕಿಗೆ ಗಡಿಯಾರದ ರೋಗ ವಿವರಿಸುವ ಹಾಗೆ ಹೇಳಿದರು. ಚಿಮಟದಿಂದ ಕಾಗದ ಬಿಡಿಸುವುದು. ತೆಳು ಅಲಗನ್ನು ಬಿಸಿ ಮಾಡಿ ಉಂಡೆಯನ್ನು ಎರಡಾಗಿ ಬಿಡಿಸುವುದು. ಗಂಟೆ ತೆಗೆಯುವುದು. ಅಂಚು ಕರಗಿರುವಾಗಲೇ ಎರಡು ಹೋಳನ್ನೂ ಒತ್ತಿ ಹಿಡಿಯಬೇಕು, ಎರಡೂ ಕೈ ಬೇಕು. ಆಗ ಗಂಟೆ ಎಲ್ಲಿಡುವುದು? ಸ್ಕ್ರೂ ಇಡುವ ಜಾಗದಲ್ಲೇ, ತುಟಿಗಳ ಮಧ್ಯೆ.

"ನಲವತ್ತು ವರ್ಷದಲ್ಲಿ ಒಂದು ಸ್ಕ್ರೂ ನುಂಗ್ಲಿಲ್ಲ ನಾನು. ನಿನ್ನೆ ರಾತ್ರಿ ನಿಮ್ಮಮ್ಮ ಒಳಗಿಂದ 'ಏನ್ರೀ ಮಾಡ್ತಿದೀರಿ' ಅಂದ್ಲು. ಏನಿಲ್ಲ ಅಂದೆ. ಅಷ್ಟರಲ್ಲಿ ಹೋಯ್ತು."

"ನನಗೆ ಕೇಳಿಸ್ಬಾರ್ದು ಅಂತ ಇಷ್ಟೆಲ್ಲ ಕಷ್ಟಪಟ್ರಾ?"

"ನಿನಗೆ ಕೇಳ್ಸಿದ್ರೆ ನನಗೇನು, ಬೈಸ್ಕೊಂಡು ಅಭ್ಯಾಸ ಇದೆ" ಅಂದರು. "ಹುಡುಗನ ಗಂಟಲಿಗೆ ಸಿಕ್ಕಿಕೊಂಡ್ರೆ? ಅವತ್ತು ನೀನು ಅವನ ಬಾಯಿಗೆ ಬೆರಳು ಹಾಕಿದ್ದು ನೋಡಿದ್ನಲ್ಲ. ಆಮೇಲೆ ಒಂದ್ ದಿನಾನೂ ಸರಿಯಾಗಿ ನಿದ್ದೆ ಬಂದಿಲ್ಲ."

ಹಾಗಾದರೆ ತರುವುದನ್ನೇ ಬಿಡಬಹುದಿತ್ತಲ್ಲ. ಅದು ಅವರ ತಲೆಗೆ ಹೊಳೆಯಲೇ ಇಲ್ಲ. ನಾನು ಬೇಡ ಅಂದದ್ದು ಚಾಕೊಲೇಟು; ಈ ಮನುಷ್ಯ ರಿಪೇರಿ ಮಾಡಿದ್ದು ಗಂಟೆಯನ್ನು. ಏನು ಹೇಳಿದರೂ ಅದನ್ನು ಬಿಚ್ಚಿ, ಕೆಟ್ಟ ಭಾಗ ತೆಗೆದು, ಮುಚ್ಚಿಟ್ಟು ಸರಿಯಾಯ್ತು ಅನ್ನುವವರ ಹತ್ತಿರ ಏನು ಜಗಳ ಆಡಲಿ?

ಟೇಬಲ್ ಮೇಲೆ ಮಲಗಿಸಿದೆ. ಭುಜ ಹಿಡಿದು ಸರಿಮಾಡುವಾಗ ಮೂಳೆ ಕೈಗೆ ಸಿಕ್ಕಿತು. ಇಷ್ಟು ತೆಳ್ಳಗೆ ಯಾವಾಗ ಆದರು? ಗಾಜಿನ ಹಿಂದೆ ಹೋಗಿ "ಉಸಿರು ಹಿಡ್ಕೊಳ್ಳಿ" ಅಂದೆ. ಹಿಡಿದುಕೊಂಡರು. ನಾನು ಹೇಳಿದ್ದನ್ನು ಅಪ್ಪ ಮರುಮಾತಿಲ್ಲದೆ ಕೇಳಿದ್ದು ನನಗೆ ನೆನಪಿರುವಂತೆ ಇದೇ ಮೊದಲು.

ಚಿತ್ರ ಬಂತು. ಬೆನ್ನುಮೂಳೆ, ಸೊಂಟ, ನಡುವೆ ದುಂಡಗೆ ಬೆಳ್ಳಗೆ ಗಂಟೆ. ಅದರ ಬಾಯಿಯ ಸೀಳು, ಒಳಗಿನ ಮಣಿ ಕೂಡ ಸ್ಪಷ್ಟ. ನಗು ಬಂತು. ನಗು ಅಂತಲೇ ಶುರುವಾಯಿತು, ಆಮೇಲೆ ಕಣ್ಣು ಒರೆಸಿಕೊಳ್ಳಬೇಕಾಯಿತು. ಡಾಕ್ಟರು ನೋಡಿ, ತಾನೇ ಹೋಗುತ್ತದೆ, ಹೊಟ್ಟೆ ನೋವು ಬಂದರೆ ಮಾತ್ರ ಓಡಿ ಬನ್ನಿ, ಹೇಗಿದ್ದರೂ ಇನ್ನೊಮ್ಮೆ ಚಿತ್ರ ತೆಗೆಯೋಣ ಎಂದರು.

ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಕೇಳಿಯೇಬಿಟ್ಟೆ. "ನನಗೆ ಒಂದು ಪೆಪ್ಪರ್‌ಮೆಂಟೂ ಕೊಡ್ಸಿಲ್ಲ ನೀವು. ಒಂದೂ."

ಕೊನೆಯ ಗುಂಡಿ ಹಾಕಿಕೊಂಡರು. ಆಮೇಲೆ, "ಆಗ ಬೇಡ ಅನ್ನೋ ಕೆಲ್ಸ ನಂದಾಗಿತ್ತು ಕಣೇ. ಮನೇಲಿ ಯಾರಾದ್ರೂ ಒಬ್ರು ಅದನ್ನ ಮಾಡ್ಲೇಬೇಕು. ಈಗ ನೀನು ಮಾಡ್ತಿದೀಯ. ನನಗೆ ಬಿಡುಗಡೆ ಸಿಕ್ತು" ಅಂದರು.

"ನನಗೆ ಯಾವಾಗ ಸಿಗತ್ತೆ?"

"ಮೇಡಂಗೆ ಮಕ್ಕಳಾಗ್ಲಿ."

ಟ್ರೇಯಿಂದ ವಾಚು, ಮಸೂರ, ಚಿಮಟ, ಬೀಗದ ಕೈ ಎತ್ತಿಕೊಂಡರು. ಉಂಡೆ ಅಲ್ಲೇ ಬಿಟ್ಟರು. ನಾನು ಅದನ್ನೆತ್ತಿ ಅವರತ್ತ ಚಾಚಿದೆ.

"ಅದು ನಿಂದು. ಇಲ್ಲಿಗೆ ಬರೋವಾಗ ತಂದೆ. ಒಳಗಿಂದು ತೆಗ್ದಿಲ್ಲ" ಅಂದರು. "ನಿನಗೇನು, ನುಂಗೋ ವಯಸ್ಸಾ?"

ಹೊಟ್ಟೆಯಲ್ಲಿ ಗಂಟೆ ಇಟ್ಟುಕೊಂಡು ನನಗೆ ಈ ಮಾತು. ಬಸ್ ಸ್ಟಾಪಿನವರೆಗೆ ಜೊತೆಗೆ ಹೋಗಿ ಹತ್ತಿಸಿ ಬಂದೆ.

ತಾ. ೧೮, ಬುಧವಾರ

ಬೆಳಿಗ್ಗೆಯಿಂದ ಅಮ್ಮನ ಫೋನು. ಎಲ್ಲ ಬಾಯಿಬಿಡಿಸಿದ್ದಾಳೆ. "ನಡೆದಾಡಿದ್ರೆ ಸದ್ದು ಬರತ್ತೇನೇ? ಹಿಂದೆ ಹಿಂದೇನೇ ಓಡಾಡಿ ಕಿವಿಗೊಟ್ಟೆ, ಏನೂ ಕೇಳಿಸ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ಹಾಸಿಗೆ ಬಿಸಿಲಿಗೆ ಹಾಕ್ಲೋ ಬೇಡ್ವೋ?"

ಹಾಕು ಅಂದೆ.

ತಾ. ೧೯, ಗುರುವಾರ

ಇನ್ನೊಂದು ಚಿತ್ರ ತೆಗೆದೆವು. ಗಂಟೆ ಇಲ್ಲ. ಅಪ್ಪ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಸರಿಯಾಗಿದೆ" ಅಂದರು. ಯಾವುದೋ ಗಡಿಯಾರ ವಾಪಸು ಕೊಡುವ ಧಾಟಿ.

ಕರಾರು ಹೇಳಿದೆ. ದಿನಕ್ಕೊಂದು, ಊಟದ ಮೇಲೆ, ಗಂಟೆ ಇಲ್ಲದ್ದು. ತೆಗೆಯುವಾಗ ಬಾಯಿಗಲ್ಲ, ಬಟ್ಟಲಿಗೆ. "ಸರಿ" ಅಂದರು. ಇಷ್ಟು ಬೇಗ ಒಪ್ಪಿದ್ದಕ್ಕೇ ನನಗೆ ಅನುಮಾನ.

ತಾ. ೨೦, ಶುಕ್ರವಾರ. ಹಬ್ಬ. ಬೆಳಿಗ್ಗೆ

ಮಕ್ಕಳು ಬ್ಯಾಗ್ ಹೆಗಲಿಗೇರಿಸಿ ಬಾಗಿಲ ಹತ್ತಿರ ನಿಂತಾಯಿತು. ಇವರು ಕಾರು ತರಲು ಹೋಗಿದ್ದಾರೆ. ಬಟ್ಟೆ ಬದಲಾಯಿಸುವ ನೆಪ ಹೇಳಿ ರೂಮಿಗೆ ಬಂದು ಚಿಲಕ ಹಾಕಿಕೊಂಡಿದ್ದೇನೆ.

ಉಂಡೆ ಮೂರು ದಿನದಿಂದ ಡ್ಯೂಟಿಯ ಕೋಟಿನ ಜೇಬಿನಲ್ಲೇ ಇತ್ತು. ಮಕ್ಕಳ ಜೊತೆ ಹಂಚಿಕೊಳ್ಳಬೇಕಿತ್ತೇನೋ. ಹಂಚಿಕೊಳ್ಳುವುದಿಲ್ಲ. ಅವರಿಗೆ ಇನ್ನು ದಿನಾ ಇದೆ. ಇದು ನನ್ನದು.

ಕಾಗದ ಬಿಡಿಸಿದೆ. ಕಚ್ಚುವ ಮೊದಲು ಒಂದು ಸಲ, ಒಂದೇ ಸಲ, ಕಿವಿ ಹತ್ತಿರ ಅಲ್ಲಾಡಿಸಿದೆ. ತಕ್ಷಣ ಬಾಗಿಲಾಚೆ ಹೆಜ್ಜೆ.

"ಅಮ್ಮ, ಒಳಗೇನದು ಕಿಣಿಕಿಣಿ ಅನ್ನೋದು?" ಮೇಡಂ. ಅವಳ ಹಿಂದೆ ಗೋಲಿ, ಬಾಗಿಲು ಬಡಿಯುತ್ತಿದ್ದಾನೆ.

ಏನಿಲ್ಲ ಅಂದೆ, ಬಾಯಿ ತುಂಬ ಚಾಕೊಲೇಟು.